ಕ್ಯಾಮೆರಾ ಹಿಂದೆ ನಿಂತವರೇ ಭೀಷ್ಮನಾದರು: ರಘುಪತಿ ಪ್ರಕಾಶ್ ಬಗ್ಗೆ ಒಂದು ಪ್ರಶ್ನೆ, ಒಂದು ಉತ್ತರ

ಪ್ರಶ್ನೆ: ನನ್ನ ಮಗ ಸಿನಿಮಾ ಛಾಯಾಗ್ರಹಣ ಕಲಿಯುತ್ತಿದ್ದಾನೆ. ಊರಿನ ನಾಟಕ ತಂಡದಲ್ಲಿ ಬಣ್ಣವನ್ನೂ ಹಚ್ಚುತ್ತಾನೆ. ಎರಡು ದೋಣಿಯಲ್ಲಿ ಕಾಲಿಡಬೇಡ ಅಂತ ನಾನು ಹೇಳುತ್ತಲೇ ಇರುತ್ತೇನೆ. ಅದಕ್ಕೆ ಅವನು, ತೆಲುಗಿನಲ್ಲಿ ರಘುಪತಿ ಪ್ರಕಾಶ್ ಅಂತ ಒಬ್ಬರಿದ್ದರು, ಅವರು ಕ್ಯಾಮೆರಾಮನ್ನೂ ಹೌದು, ನಟರೂ ಹೌದು, ನಿರ್ದೇಶಕರೂ ಹೌದು ಅನ್ನುತ್ತಾನೆ. ಒಬ್ಬರೇ ಕ್ಯಾಮೆರಾ ಹಿಂದೆಯೂ ಮುಂದೆಯೂ ಇರುವುದು ನಿಜವಾಗಿ ಸಾಧ್ಯವಾ? ಅವರ ಸಿನಿಮಾ ಎಲ್ಲಾದರೂ ನೋಡಲು ಸಿಗುತ್ತದಾ?
ಶಿವಮೊಗ್ಗದ ಓದುಗರೊಬ್ಬರು

ಉತ್ತರ: ನಿಮ್ಮ ಮಗ ಹೇಳಿದ್ದು ಸರಿ. ಈ ಹೆಸರು ಅವನ ವಯಸ್ಸಿನವರ ಬಾಯಲ್ಲಿ ಬಂತಲ್ಲ ಅಂತ ನನಗೆ ತುಂಬಾ ಖುಷಿಯಾಯಿತು. ನಾನು ಬಹಳ ವರ್ಷಗಳಿಂದ ಹುಡುಗರಿಗೆ ಕ್ಯಾಮೆರಾ ಕೆಲಸ ಕಲಿಸುತ್ತಿದ್ದೇನೆ. ದಕ್ಷಿಣದ ಸಿನಿಮಾ ಎಲ್ಲಿಂದ ಶುರುವಾಯಿತು ಅಂತ ಕೇಳಿದರೆ ಹೆಚ್ಚಿನವರು ಟಾಕಿ, ಅಂದರೆ ಮಾತಿನ ಸಿನಿಮಾ ಬಂದ 1931ರಿಂದಲೇ ಲೆಕ್ಕ ಹಾಕುತ್ತಾರೆ. ಅದಕ್ಕೂ ಹತ್ತು ವರ್ಷ ಮೊದಲೇ ಮದರಾಸಿನಲ್ಲಿ ಒಬ್ಬ ತೆಲುಗು ಯುವಕ ಬಿಸಿಲನ್ನು ಹಿಡಿದು ಕಥೆ ಹೇಳಲು ಹೊರಟಿದ್ದ ಅನ್ನುವುದು ಗೊತ್ತಿರುವವರು ಕಡಿಮೆ. ಹಾಗಾಗಿ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಪ್ರಕಾಶ್ ಕಥೆಯನ್ನು ಅವರ ಅಪ್ಪನಿಂದಲೇ ಶುರುಮಾಡಬೇಕು. ಅಪ್ಪ ರಘುಪತಿ ವೆಂಕಯ್ಯ ನಾಯ್ಡು. 1869ರಲ್ಲಿ ಮಚಲೀಪಟ್ಟಣದಲ್ಲಿ ಹುಟ್ಟಿದವರು. ಮದರಾಸಿಗೆ ಬಂದು ಫೋಟೊ ಸ್ಟುಡಿಯೊ ಇಟ್ಟರು. ಅಲ್ಲಿಗೆ ನಿಲ್ಲಿಸಿದ್ದರೆ ಒಳ್ಳೆಯ ಫೋಟೊಗ್ರಾಫರ್ ಅನ್ನಿಸಿಕೊಂಡು ಸುಖವಾಗಿ ಇರುತ್ತಿದ್ದರು. ಆದರೆ 1910ರ ಹೊತ್ತಿಗೆ ಅವರಿಗೆ ಕ್ರೋನೊಮೆಗಾಫೋನ್ ಎಂಬ ಯಂತ್ರದ ಹುಚ್ಚು ಹಿಡಿಯಿತು. ಫ್ರಾನ್ಸಿನ ಗೊಮೊಂ ಕಂಪನಿಯ ಯಂತ್ರ ಅದು. ಒಂದು ಕಡೆ ತೆರೆಯ ಮೇಲೆ ಚಿತ್ರ ಓಡುತ್ತಿತ್ತು. ಇನ್ನೊಂದು ಕಡೆ ಅದಕ್ಕೆ ಹೊಂದಿಸಿದ ಗ್ರಾಮಫೋನ್ ತಟ್ಟೆ ತಿರುಗುತ್ತಿತ್ತು. ಬೆಲೆ ಸುಮಾರು 30 ಸಾವಿರ ರೂಪಾಯಿ. ಆ ಕಾಲದಲ್ಲಿ ಅದೆಷ್ಟು ದೊಡ್ಡ ಮೊತ್ತ ಅಂತ ಬಿಡಿಸಿ ಹೇಳಬೇಕಿಲ್ಲ ಅಲ್ವಾ. ಸ್ಟುಡಿಯೊವನ್ನೇ ಅಡವಿಟ್ಟು ಯಂತ್ರ ತರಿಸಿದರು. ಮದರಾಸಿನಲ್ಲಿ ಟೆಂಟು ಹಾಕಿ ತೋರಿಸಿದರು. ಆಮೇಲೆ ಊರೂರು ಸುತ್ತಿದರು, ಸಮುದ್ರ ದಾಟಿ ಶ್ರೀಲಂಕಾ, ಬರ್ಮಾದವರೆಗೂ ಹೋದರು.

ತಿರುಗಾಟ ಮುಗಿಸಿ ಬಂದವರು ಮದರಾಸಿನಲ್ಲಿ ಗೇಯ್ಟಿ ಎಂಬ ಚಿತ್ರಮಂದಿರ ಕಟ್ಟಿದರು. ಆ ಊರಿನಲ್ಲಿ ಭಾರತೀಯರೊಬ್ಬರು ಕಟ್ಟಿದ ಮೊದಲ ಚಿತ್ರಮಂದಿರ ಅದು. ಆಮೇಲೆ ಕ್ರೌನ್, ಗ್ಲೋಬ್ ಕೂಡ ಬಂದವು. ಈಗ ಹೊಸ ತಾಪತ್ರಯ ಶುರುವಾಯಿತು. ಮಂದಿರ ಇದೆ, ಜನ ಇದ್ದಾರೆ, ಆದರೆ ತೋರಿಸಲು ನಮ್ಮದು ಅನ್ನುವ ಚಿತ್ರವೇ ಇಲ್ಲ. ಬಂದದ್ದೆಲ್ಲ ಹೊರಗಿನದು. ನಾವೇ ಯಾಕೆ ತೆಗೆಯಬಾರದು ಅಂತ ಯೋಚಿಸಿದ ವೆಂಕಯ್ಯ ಮಗನನ್ನು ಲಂಡನ್ನಿಗೆ ಕಳಿಸಿದರು.

ಆ ಮಗನೇ ರಘುಪತಿ ಸೂರ್ಯಪ್ರಕಾಶ್. ಹುಟ್ಟಿದ್ದು 1901ರಲ್ಲಿ. ಲಂಡನ್ನಿನಲ್ಲಿ ಬಾರ್ಕರ್ ಕಂಪನಿಯಲ್ಲಿ ಸಿನಿಮಾ ಕೆಲಸ ಕಲಿತರು. ಈಲಿಂಗ್‌ನಲ್ಲಿ ವಿಲ್ ಬಾರ್ಕರ್ ಕಟ್ಟಿದ್ದ ಗಾಜಿನ ಸ್ಟುಡಿಯೊಗಳಿದ್ದವು. ಗಾಜಿನ ಮನೆ ಯಾಕೆ ಅಂದರೆ, ಆಗಿನ ಫಿಲ್ಮಿಗೆ ಬೆಳಕು ಎಷ್ಟಿದ್ದರೂ ಸಾಲುತ್ತಿರಲಿಲ್ಲ. ಲಂಡನ್ನಿನಲ್ಲಿ ಆಕಾಶ ಮಂಕು. ಸಿಕ್ಕಿದ ಬೆಳಕನ್ನೆಲ್ಲ ಒಳಗೆ ಬಿಟ್ಟುಕೊಳ್ಳಬೇಕು, ಮಳೆ ಗಾಳಿ ಮಾತ್ರ ಒಳಗೆ ಬರಬಾರದು. ಅದಕ್ಕೆ ಗಾಜು.

ಪ್ರಕಾಶ್ ಊರಿಗೆ ಬಂದ ಮೇಲೆ ಅಪ್ಪ ಮಗ ಸೇರಿ ಸ್ಟಾರ್ ಆಫ್ ದಿ ಈಸ್ಟ್ ಎಂಬ ಕಂಪನಿ ಮಾಡಿದರು. ಮದರಾಸಿನಲ್ಲೂ ಗಾಜಿನ ಸ್ಟುಡಿಯೊವನ್ನೇ ಕಟ್ಟಿದರು. ಇಲ್ಲಿ ನಾನು ಪ್ರತಿ ಸಲವೂ ಒಂದು ನಿಮಿಷ ನಿಂತು ಯೋಚಿಸುತ್ತೇನೆ. ಲಂಡನ್ನಿನಲ್ಲಿ ಕಲಿತದ್ದು ಬೆಳಕನ್ನು ಕೂಡಿಸುವ ಪಾಠ. ಮದರಾಸಿನಲ್ಲಿ ಬೇಕಾಗಿದ್ದು ಬೆಳಕನ್ನು ಪಳಗಿಸುವ ಪಾಠ. ಏಪ್ರಿಲ್ ತಿಂಗಳ ಮಧ್ಯಾಹ್ನ ಗಾಜಿನ ಮನೆಯೊಳಗೆ ಕಿರೀಟ, ಮೀಸೆ, ಮೈತುಂಬ ಆಭರಣ ಹಾಕಿಕೊಂಡು ನಿಂತವರ ಪಾಡು ಯೋಚಿಸಿ. ನೆತ್ತಿಯ ಮೇಲಿನ ಬಿಸಿಲು ನೇರ ಬಿದ್ದರೆ ಕಣ್ಣಿನ ಗುಳಿಗಳು ಕಪ್ಪು ಹೊಂಡಗಳಾಗುತ್ತವೆ, ಮೂಗಿನ ನೆರಳು ತುಟಿಯ ಮೇಲೆ ಬೀಳುತ್ತದೆ. ಹಾಗಾಗಿ ಮೇಲೆ ತೆಳುವಾದ ಬಟ್ಟೆ ಕಟ್ಟಬೇಕು, ಬಿಸಿಲನ್ನು ಸೋಸಿ ಕೆಳಗೆ ಬಿಡಬೇಕು. ಸೂರ್ಯ ಸರಿದ ಹಾಗೆ ಬಟ್ಟೆಯನ್ನೂ ಸರಿಸಬೇಕು.

ಆ ಸ್ಟುಡಿಯೊದ ಮೊದಲ ಕಥಾಚಿತ್ರ 'ಭೀಷ್ಮ ಪ್ರತಿಜ್ಞ'. ವರ್ಷ 1921. ತೆಲುಗಿನವರು ತೆಗೆದ ಮೊದಲ ಚಿತ್ರ ಅಂತ ಇದನ್ನೇ ಹೇಳುತ್ತಾರೆ. ನಿರ್ದೇಶನ ಪ್ರಕಾಶ್ ಅವರದು. ಭೀಷ್ಮನ ಪಾತ್ರವೂ ಅವರದೇ. ಪೆಗ್ಗಿ ಕ್ಯಾಸ್ಟೆಲ್ಲೊ ಎಂಬ ಆಂಗ್ಲ ಯುವತಿ ಕೂಡ ಅದರಲ್ಲಿ ನಟಿಸಿದ್ದಳು. ಆಗ ನಮ್ಮ ಹೆಣ್ಣುಮಕ್ಕಳು ಕ್ಯಾಮೆರಾ ಮುಂದೆ ಬರಲು ಒಪ್ಪುತ್ತಿರಲಿಲ್ಲ.

ಒಂದು ಸಣ್ಣ ಲೆಕ್ಕ ನೋಡಿ. 1901ರಲ್ಲಿ ಹುಟ್ಟಿದವರು 1921ರಲ್ಲಿ ಭೀಷ್ಮನಾದರು. ಅಂದರೆ ಇಪ್ಪತ್ತರ ಹರೆಯ. ಭೀಷ್ಮ ಅಂದಕೂಡಲೇ ನಮಗೆ ಬಿಳಿ ಗಡ್ಡದ ಅಜ್ಜ, ಶರಶಯ್ಯೆ ಕಣ್ಣಿಗೆ ಬರುತ್ತದೆ. ಆದರೆ ಅಪ್ಪನ ಮದುವೆಗಾಗಿ ರಾಜ್ಯವೂ ಬೇಡ, ಹೆಂಡತಿಯೂ ಬೇಡ ಎಂದು ಮಾತು ಕೊಟ್ಟ ದೇವವ್ರತ ಮುದುಕನಲ್ಲ, ಹದಿಹರೆಯ ದಾಟಿದ ಹುಡುಗ. ಆ ಮಾತಿಗೆ ತೂಕ ಬರುವುದೇ ಅವನ ವಯಸ್ಸಿನಿಂದ. ಇಪ್ಪತ್ತು ವರ್ಷದ ಮುಖ ಆ ಪಾತ್ರಕ್ಕೆ ಸರಿಯಾಗಿಯೇ ಒಪ್ಪಿರಬೇಕು.

ಈಗ ನಿಮ್ಮ ಮುಖ್ಯ ಪ್ರಶ್ನೆಗೆ ಬರುತ್ತೇನೆ. ಒಬ್ಬರೇ ಕ್ಯಾಮೆರಾ ಹಿಂದೆಯೂ ಮುಂದೆಯೂ ಹೇಗೆ?

ಇದಕ್ಕೆ ಆಗಿನ ಕ್ಯಾಮೆರಾ ಹೇಗಿತ್ತು ಅಂತ ತಿಳಿಯಬೇಕು. ಅದೊಂದು ಮರದ ಅಥವಾ ಲೋಹದ ಪೆಟ್ಟಿಗೆ. ಮೋಟಾರು ಇಲ್ಲ. ಪಕ್ಕದಲ್ಲಿ ಒಂದು ಹಿಡಿಕೆ. ಅದನ್ನು ಕೈಯಲ್ಲಿ ತಿರುಗಿಸಬೇಕು. ಒಂದು ಸುತ್ತಿಗೆ ಎಂಟು ಚಿತ್ರ ಮೂಡುತ್ತವೆ. ಸೆಕೆಂಡಿಗೆ ಎರಡು ಸುತ್ತು, ಅಂದರೆ ಹದಿನಾರು ಚಿತ್ರ. ಒಂದು ಅಡಿ ಫಿಲ್ಮಿನಲ್ಲಿ ಹದಿನಾರು ಚಿತ್ರ ಹಿಡಿಯುತ್ತದೆ. ಹಾಗಾಗಿ ಸೆಕೆಂಡಿಗೆ ಒಂದು ಅಡಿ, ನಿಮಿಷಕ್ಕೆ 60 ಅಡಿ ಖರ್ಚು. ಕೈ ನಿಧಾನವಾದರೆ ತೆರೆಯ ಮೇಲೆ ಜನ ದಡಬಡ ಓಡುತ್ತಾರೆ. ಕೈ ಜೋರಾದರೆ ತೇಲಿದ ಹಾಗೆ ನಡೆಯುತ್ತಾರೆ. ಲಯ ತಪ್ಪಬಾರದು ಅಂತ ಆ ಕಾಲದ ಕ್ಯಾಮೆರಾಮನ್‌ಗಳು ಬಾಯಲ್ಲೇ ಒಂದು ಹಾಡು ಗುನುಗಿಕೊಂಡು ಹಿಡಿಕೆ ತಿರುಗಿಸುತ್ತಿದ್ದರು. ನಾನು ತರಗತಿಯಲ್ಲಿ ಒಂದು ಹಳೆಯ ಹಿಡಿಕೆ ಕ್ಯಾಮೆರಾ ಇಟ್ಟು ಹುಡುಗರಿಂದ ತಿರುಗಿಸಿ ನೋಡಿದ್ದೇನೆ. ತಬಲಾ, ಮೃದಂಗ ಕಲಿತ ಮಕ್ಕಳು ಎರಡೇ ನಿಮಿಷದಲ್ಲಿ ಲಯ ಹಿಡಿಯುತ್ತಾರೆ. ಉಳಿದವರಿಗೆ ಎರಡು ದಿನ ಬೇಕು.

ಇದರಿಂದ ಒಂದು ವಿಷಯ ಸ್ಪಷ್ಟವಾಗುತ್ತದೆ. ಪಾತ್ರಧಾರಿ ಕ್ಯಾಮೆರಾ ಮುಂದೆ ನಿಂತಾಗ ಹಿಡಿಕೆ ತಿರುಗಿಸಲು ಬೇರೆ ಕೈ ಬೇಕೇ ಬೇಕು. ಅದರಲ್ಲಿ ಪವಾಡವೇನಿಲ್ಲ. ಆದರೆ ಹಿಡಿಕೆ ತಿರುಗಿಸುವುದು ಛಾಯಾಗ್ರಾಹಕನ ಕೆಲಸದ ಕೊನೆಯ ಹಂತ ಮಾತ್ರ. ಅದಕ್ಕೆ ಮೊದಲಿನದೇ ದೊಡ್ಡದು. ಕ್ಯಾಮೆರಾ ಎಲ್ಲಿಡಬೇಕು, ಯಾವ ಹೊತ್ತಿನ ಬಿಸಿಲು ಬೇಕು, ಮೇಲಿನ ಬಟ್ಟೆ ಎಷ್ಟು ಮುಚ್ಚಬೇಕು, ಲೆನ್ಸಿನ ಬಾಯಿ ಎಷ್ಟು ತೆರೆಯಬೇಕು, ಇದನ್ನೆಲ್ಲ ಮೊದಲೇ ತೀರ್ಮಾನಿಸಬೇಕು. ಚೌಕಟ್ಟಿನ ಅಂಚು ಎಲ್ಲಿ ಮುಗಿಯುತ್ತದೆ ಅಂತ ನೆಲದ ಮೇಲೆ ಹಗ್ಗ ಇಲ್ಲವೇ ಮರದ ಪಟ್ಟಿ ಇಟ್ಟು ಗುರುತು ಮಾಡುತ್ತಿದ್ದರು. ಆ ಗೆರೆ ದಾಟಿದರೆ ಪಾತ್ರದ ಕಾಲು ಮಾಯ. ಈ ತೀರ್ಮಾನಗಳೆಲ್ಲ ಮುಗಿದ ಮೇಲೆ ಸಹಾಯಕ ಬಂದು ಲಯ ತಪ್ಪದೆ ತಿರುಗಿಸಿದರೆ ಸಾಕು. ನಿರ್ಧಾರ ಮಾಡಿದವರು ಅಷ್ಟು ಹೊತ್ತಿಗೆ ಕಿರೀಟ ಇಟ್ಟುಕೊಂಡು ಆಚೆ ಕಡೆ ನಿಂತಿರಬಹುದು.

ಆಗ ಮಾನಿಟರ್ ಅನ್ನುವುದೂ ಇರಲಿಲ್ಲ. ಇವತ್ತು ನಟನಾಗಿ ನಿರ್ದೇಶನವನ್ನೂ ಮಾಡುವವರು ಶಾಟ್ ಮುಗಿದ ತಕ್ಷಣ ಓಡಿ ಬಂದು ಪರದೆ ನೋಡುತ್ತಾರೆ. 1921ರಲ್ಲಿ ಫಿಲ್ಮ್ ತೊಳೆದು ಒಣಗುವವರೆಗೂ ಏನು ಬಂದಿದೆ ಅಂತ ಯಾರಿಗೂ ಗೊತ್ತಿಲ್ಲ. ಹಿಡಿಕೆ ಹಿಡಿದವನಿಗೂ ಗೊತ್ತಿಲ್ಲ. ಚಿತ್ರ ಮೊದಲು ಮೂಡುವುದು ಛಾಯಾಗ್ರಾಹಕನ ತಲೆಯೊಳಗೆ. ಹಾಗಾಗಿ ಅವನು ಕ್ಯಾಮೆರಾ ಪಕ್ಕದಲ್ಲೇ ನಿಲ್ಲಬೇಕು ಅಂತೇನೂ ಇರಲಿಲ್ಲ.

ಇನ್ನೊಂದು ಮಾತು. ಕ್ಯಾಮೆರಾ ಗೊತ್ತಿದ್ದವರಿಗೆ ಆಗ ನಟನೆಯಲ್ಲಿ ನಿಜವಾದ ಅನುಕೂಲವಿತ್ತು. ಆಗಿನ ಫಿಲ್ಮಿಗೆ ಕೆಂಪು ಬಣ್ಣ ಕಾಣುತ್ತಲೇ ಇರಲಿಲ್ಲ. ಕುಂಕುಮ, ಕೆಂಪು ತುಟಿ, ಕೆಂಪು ರೇಷ್ಮೆ ಎಲ್ಲ ಕಪ್ಪಾಗಿ ಬರುತ್ತಿದ್ದವು. ನೀಲಿ ಮಾತ್ರ ಬೆಳ್ಳಗೆ ಬರುತ್ತಿತ್ತು. ಮೈಗೆ ನೀಲಿ ಬಳಿದುಕೊಂಡ ಕೃಷ್ಣ ತೆರೆಯ ಮೇಲೆ ಬೆಳ್ಳಗಿನ ಕೃಷ್ಣನಾಗುತ್ತಾನೆ! ನಮ್ಮವರ ಗೋಧಿ ಬಣ್ಣದ ಮೈಯಲ್ಲಿ ಕೆಂಪಿನ ಪಾಲು ಜಾಸ್ತಿ. ಸುಮ್ನೆ ಹಾಗೇ ತೆಗೆದರೆ ಮುಖ ಇದ್ದದ್ದಕ್ಕಿಂತ ಕಪ್ಪಾಗಿ, ಭಾವವೇ ಕಾಣದ ಹಾಗೆ ಆಗುತ್ತಿತ್ತು. ನಾಟಕದ ಬಣ್ಣ ಇಲ್ಲಿ ನಡೆಯುವುದಿಲ್ಲ. ರಂಗದ ಮೇಲೆ ಕೆಂಪು ಅಂದರೆ ರೌದ್ರ, ತೆರೆಯ ಮೇಲೆ ಅದು ಬರೀ ಮಸಿ. ನಾಟಕದಿಂದ ಬಂದ ನಟರಿಗೆ ಇದನ್ನು ಬಿಡಿಸಿ ಹೇಳಬೇಕಿತ್ತು. ಫಿಲ್ಮ್ ತೊಳೆದು ಗೊತ್ತಿದ್ದವರಿಗೆ ಹೇಳಬೇಕಾಗಿರಲಿಲ್ಲ. ಕೈಯನ್ನು ಎಷ್ಟು ಎತ್ತಿದರೆ ಮುಖದ ಮೇಲೆ ನೆರಳು ಬೀಳುತ್ತದೆ, ತಲೆ ಎಷ್ಟು ತಿರುಗಿಸಿದರೆ ಕಣ್ಣಿಗೆ ಬೆಳಕು ಸಿಗುತ್ತದೆ ಅನ್ನುವುದು ಅವರಿಗೆ ಅಭ್ಯಾಸವಾಗಿಯೇ ಇರುತ್ತದೆ.

ನನ್ನ ಮಟ್ಟಿಗೆ ಇದೇ ನಿಮ್ಮ ಪ್ರಶ್ನೆಗೆ ಉತ್ತರ. ನಟ, ಛಾಯಾಗ್ರಾಹಕ, ನಿರ್ದೇಶಕ ಅಂತ ನಾವು ಇವತ್ತು ಮೂರು ಹೆಸರು ಬರೆಯುತ್ತೇವೆ. ಆಗ ಅದು ಮೂರು ಕೆಲಸವಾಗಿರಲಿಲ್ಲ. ಒಂದೇ ಕೆಲಸ. ಬೆಳಕು ಮುಖದ ಮೇಲೆ ಬಿದ್ದಾಗ ಏನಾಗುತ್ತದೆ ಅಂತ ತಿಳಿದುಕೊಳ್ಳುವ ಕೆಲಸ. ಪ್ರಕಾಶ್ ಎರಡು ದೋಣಿಯಲ್ಲಿ ಕಾಲಿಟ್ಟವರಲ್ಲ. ಅವರ ಕಾಲಕ್ಕೆ ಇದ್ದದ್ದೇ ಒಂದು ದೋಣಿ.

ತೊಳೆಯುವ ಕೆಲಸದ ಬಗ್ಗೆಯೂ ಒಂದೆರಡು ಮಾತು ಹೇಳಬೇಕು, ಯಾಕೆಂದರೆ ಇಲ್ಲಿ ನಮ್ಮ ಬೆಂಗಳೂರು ಬರುತ್ತದೆ. ಫಿಲ್ಮ್ ತೊಳೆಯುವ ದ್ರಾವಣ ತಂಪಾಗಿರಬೇಕು, ಸುಮಾರು 20 ಡಿಗ್ರಿ ಇದ್ದರೆ ಒಳ್ಳೆಯದು. ಮದರಾಸಿನ ಸೆಕೆಗೆ ಫಿಲ್ಮಿನ ಮೇಲಿನ ಜಿಲೆಟಿನ್ ಪದರ ಮೆತ್ತಗಾಗಿ ಉಬ್ಬುತ್ತದೆ, ಕೈ ತಾಗಿದರೆ ಕಿತ್ತು ಬರುತ್ತದೆ. ಪ್ರಕಾಶ್ ಅವರಿಗಿಂತ ಸ್ವಲ್ಪ ಮೊದಲು, 1910ರ ದಶಕದ ಕೊನೆಯಲ್ಲಿ, ಅದೇ ಮದರಾಸಿನಲ್ಲಿ ಆರ್. ನಟರಾಜ ಮುದಲಿಯಾರ್ 'ಕೀಚಕ ವಧಂ' ತೆಗೆದರು. ದಕ್ಷಿಣ ಭಾರತದ ಮೊದಲ ಕಥಾಚಿತ್ರ ಅದು. ಮುದಲಿಯಾರ್ ಕೂಡ ಕ್ಯಾಮೆರಾ, ನಿರ್ದೇಶನ ಎರಡನ್ನೂ ತಾವೇ ನೋಡಿಕೊಂಡವರು. ಅವರು ಫಿಲ್ಮ್ ತೊಳೆಯಲು ಬೆಂಗಳೂರಿನಲ್ಲಿ ಲ್ಯಾಬ್ ಮಾಡಿದರು. ಇಲ್ಲಿನ ತಂಪು ಹವೆ ನೆಗೆಟಿವ್‌ಗೆ ಒಳ್ಳೆಯದು ಅಂತ. ವಾರವಿಡೀ ಮದರಾಸಿನಲ್ಲಿ ಶೂಟಿಂಗ್. ವಾರದ ಕೊನೆಗೆ ಬೆಂಗಳೂರಿಗೆ ಬಂದು ತೊಳೆಯುವುದು. ಸೋಮವಾರ ಮತ್ತೆ ಮದರಾಸು. ದಕ್ಷಿಣದ ಸಿನಿಮಾದ ಮೊದಲ ನೆಗೆಟಿವ್‌ಗಳು ತೊಳೆದು ಒಣಗಿದ್ದು ನಮ್ಮೂರಿನ ಗಾಳಿಯಲ್ಲಿ ಅಂತ ನೆನೆದರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ.

ಸ್ಟಾರ್ ಆಫ್ ದಿ ಈಸ್ಟ್ ಹೆಚ್ಚು ವರ್ಷ ಬಾಳಲಿಲ್ಲ. 'ಗಜೇಂದ್ರ ಮೋಕ್ಷಂ' ಮುಂತಾದ ಪುರಾಣದ ಚಿತ್ರಗಳನ್ನು ತೆಗೆದರು. ಆಮೇಲೆ ಎ. ನಾರಾಯಣನ್ 1929ರಲ್ಲಿ ಜನರಲ್ ಪಿಕ್ಚರ್ಸ್ ಕಾರ್ಪೊರೇಷನ್ ಶುರುಮಾಡಿದಾಗ ಪ್ರಕಾಶ್ ಅಲ್ಲಿ ಕೆಲಸ ಮಾಡಿದರು. ಮದರಾಸಿನ ಮೂಕಿ ಚಿತ್ರಗಳ ಬಳಗ ಅಂದರೆ ಆಗ ಬೆರಳೆಣಿಕೆಯ ಜನ. ಎಲ್ಲರೂ ಎಲ್ಲವನ್ನೂ ಮಾಡುತ್ತಿದ್ದರು. ಒಬ್ಬರ ಕೈಯಿಂದ ಇನ್ನೊಬ್ಬರಿಗೆ ವಿದ್ಯೆ ಹೋಗುತ್ತಿತ್ತು.

ಆ ಬಳಗದಲ್ಲಿದ್ದ ಇಬ್ಬರ ಬಗ್ಗೆ ಹೇಳಲೇಬೇಕು.

ಮೊದಲನೆಯವರು ಚಿತ್ತಜಲ್ಲು ಪುಲ್ಲಯ್ಯ, ಕಾಕಿನಾಡದವರು. ಪ್ರಕಾಶ್ ಬಳಿ ಸಹಾಯಕರಾಗಿ ಕೆಲಸ ಕಲಿತರು. ಆಮೇಲೆ ಒಂದು ಕ್ಯಾಮೆರಾ ಹೊಂದಿಸಿಕೊಂಡು ಊರಿಗೆ ಹೋಗಿ, ಮನೆಯಲ್ಲೇ 'ಮಾರ್ಕಂಡೇಯ' ಎಂಬ ಮೂಕಿ ಚಿತ್ರ ತೆಗೆದರು. ಯಮನ ವೇಷ ಅವರದೇ. ಗುರು ಭೀಷ್ಮನಾದರು, ಶಿಷ್ಯ ಯಮನಾದರು! ಟಾಕಿ ಬಂದ ಮೇಲೆ 1934ರಲ್ಲಿ ಇದೇ ಪುಲ್ಲಯ್ಯ 'ಲವಕುಶ' ತೆಗೆದು ತೆಲುಗು ನಾಡನ್ನೇ ಗೆದ್ದರು.

ಎರಡನೆಯವರು ನೆಲ್ಲೂರಿನ ಯರಗುಡಿಪಾಟಿ ವರದರಾವ್. ವೈ.ವಿ. ರಾವ್ ಅಂದರೆ ನಮ್ಮವರಿಗೆ ಬೇಗ ಗೊತ್ತಾಗುತ್ತದೆ. ಮದರಾಸಿನ ಮೂಕಿ ಚಿತ್ರಗಳಲ್ಲಿ ನಾಯಕನಾಗಿ ನಟಿಸಿದರು. ಬೆಂಗಳೂರಿನ ಸೂರ್ಯ ಫಿಲ್ಮ್ ಕಂಪನಿಯಲ್ಲಿ ಮೂಕಿ ಚಿತ್ರಗಳನ್ನು ನಿರ್ದೇಶಿಸಿದರು. ಆಮೇಲೆ ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನ'ವನ್ನು ನಿರ್ದೇಶಿಸಿದರು. ಕೊಲ್ಹಾಪುರದಲ್ಲಿ ಚಿತ್ರೀಕರಣ ಆಯಿತು. 1934ರ ಮಾರ್ಚ್ 3ರಂದು ಬಿಡುಗಡೆಯಾಯಿತು. ಬೆಂಗಳೂರಿನ ಪ್ಯಾರಾಮೌಂಟ್ ಚಿತ್ರಮಂದಿರದಲ್ಲಿ ಜನ ಮುಗಿಬಿದ್ದು ನೋಡಿದರು. ಸುಬ್ಬಯ್ಯ ನಾಯ್ಡು ಇಂದ್ರಜಿತು, ಆರ್. ನಾಗೇಂದ್ರರಾಯರು ರಾವಣ, ತ್ರಿಪುರಾಂಬ ಸುಲೋಚನ. ಇನ್ನು ಲಕ್ಷ್ಮಣ? ನಿರ್ದೇಶಕ ವೈ.ವಿ. ರಾವ್ ಅವರೇ. ನಟಿ ಲಕ್ಷ್ಮಿ ಇವರ ಮಗಳು. ಕನ್ನಡದ ಮಾತಿನ ಸಿನಿಮಾದ ಮೊದಲ ದಿನವೇ ನಿರ್ದೇಶಕರೊಬ್ಬರು ಬಣ್ಣ ಹಚ್ಚಿಕೊಂಡು ನಿಂತಿದ್ದರು ಅನ್ನುವುದನ್ನು ನಿಮ್ಮ ಮಗನಿಗೆ ಹೇಳಿ. ಅವನು ಉದಾಹರಣೆಗಾಗಿ ಗಡಿ ದಾಟಬೇಕಾಗಿಯೇ ಇಲ್ಲ.

ಟಾಕಿ ಬಂದಾಗ ಪ್ರಕಾಶ್ ಏನಾದರು ಅಂತ ನಿಮಗೆ ಕುತೂಹಲ ಇರಬಹುದು. ಧ್ವನಿ ಬಂದದ್ದು ಮೂಕಿ ಕಾಲದ ಎಷ್ಟೋ ಜನರ ಬದುಕನ್ನೇ ಮುಗಿಸಿತು. ಮದರಾಸಿನಲ್ಲಿ ಧ್ವನಿ ಸ್ಟುಡಿಯೊನೇ ಇರಲಿಲ್ಲ. 1934ರ ಹೊತ್ತಿಗೆ ನಾರಾಯಣನ್ ಅವರೇ ಶ್ರೀನಿವಾಸ ಸಿನಿಟೋನ್ ಕಟ್ಟುವವರೆಗೂ ದಕ್ಷಿಣದವರು ಮುಂಬಯಿ, ಕಲ್ಕತ್ತ, ಕೊಲ್ಹಾಪುರಕ್ಕೆ ಗಂಟುಮೂಟೆ ಕಟ್ಟಬೇಕಿತ್ತು. ಪ್ರಕಾಶ್ ಮಾತ್ರ ಉಳಿದುಕೊಂಡರು. ನಿರ್ದೇಶಕರಾಗಿ ಮುಂದುವರಿದರು. 1940ರಲ್ಲಿ ಅವರ ಎರಡು ತೆಲುಗು ಚಿತ್ರಗಳು ಬಂದವು.

ಒಂದು 'ಚಂಡಿಕ'. ಕಣ್ಣಾಂಬ ನಾಯಕಿ. ಜೊತೆಗೆ ಬಳ್ಳಾರಿ ರಾಘವ ಇದ್ದರು. ಬಳ್ಳಾರಿಯ ವಕೀಲರು, ದೇಶವೇ ಕೊಂಡಾಡಿದ ರಂಗನಟ. ಅವರು ಸಿನಿಮಾದಲ್ಲಿ ಕಾಣಿಸಿಕೊಂಡದ್ದು ತೀರಾ ಕಡಿಮೆ, ಅದರಲ್ಲಿ ಇದೊಂದು. ಬಳ್ಳಾರಿ ಕಡೆಯವರಿಗೆ ಈ ಕಾರಣಕ್ಕಾದರೂ ಪ್ರಕಾಶ್ ಹೆಸರು ನೆನಪಿರಬೇಕು.

ಇನ್ನೊಂದು 'ಬ್ಯಾರಿಸ್ಟರ್ ಪಾರ್ವತೀಶಂ'. ಮೊಕ್ಕಪಾಟಿ ನರಸಿಂಹಶಾಸ್ತ್ರಿಗಳ ಹೆಸರಾಂತ ಹಾಸ್ಯ ಕಾದಂಬರಿ. ಹಳ್ಳಿಯ ಹುಡುಗನೊಬ್ಬ ಬ್ಯಾರಿಸ್ಟರ್ ಆಗಬೇಕು ಅಂತ ಇಂಗ್ಲೆಂಡಿಗೆ ಹಡಗು ಹತ್ತುವ ಕಥೆ. ಲಂಕಾ ಸತ್ಯಂ ನಾಯಕ. ಜಿ. ವರಲಕ್ಷ್ಮಿ ಇದರಿಂದಲೇ ಚಿತ್ರರಂಗಕ್ಕೆ ಬಂದರು. ಹದಿಹರೆಯದಲ್ಲಿ ಸ್ವತಃ ಹಡಗು ಹತ್ತಿ ಲಂಡನ್ನಿಗೆ ಹೋಗಿ ವಿದ್ಯೆ ಕಲಿತು ಬಂದವರು ಇಪ್ಪತ್ತು ವರ್ಷದ ಮೇಲೆ ಈ ಕಥೆಯನ್ನು ತೆರೆಗೆ ತಂದರು. ಆ ಹುಡುಗನ ಗಾಬರಿ, ಚಳಿ, ಅನ್ನದ ಹಂಬಲ ಅವರಿಗೆ ಓದಿ ತಿಳಿಯಬೇಕಾದ ವಿಷಯವಾಗಿರಲಿಲ್ಲ.

ಅಪ್ಪ ವೆಂಕಯ್ಯ 1941ರಲ್ಲಿ ತೀರಿಕೊಂಡರು. ಪ್ರಕಾಶ್ 1956ರಲ್ಲಿ. ಆಂಧ್ರ ಸರ್ಕಾರ 1980ರಲ್ಲಿ ವೆಂಕಯ್ಯನವರ ಹೆಸರಲ್ಲಿ ಪ್ರಶಸ್ತಿ ಇಟ್ಟಿತು. ಜೀವಮಾನದ ಸಾಧನೆಗೆ ಕೊಡುವ ದೊಡ್ಡ ಗೌರವ ಅದು. ಅಪ್ಪನ ಹೆಸರು ಹಾಗೆ ಉಳಿಯಿತು. ಮಗನ ಹೆಸರು ಅಷ್ಟಾಗಿ ಕೇಳಿಬರುವುದಿಲ್ಲ. ಇದು ನನಗೆ ಸರಿ ಅನ್ನಿಸುವುದಿಲ್ಲ. ಅಪ್ಪ ದಾರಿ ಮಾಡಿಕೊಟ್ಟರು ನಿಜ, ಆದರೆ ಆ ದಾರಿಯಲ್ಲಿ ನಡೆದು ಬೇರೆಯವರಿಗೂ ನಡೆಯಲು ಕಲಿಸಿದವರು ಮಗ.

ಧ್ವನಿ ಬಂದ ಮೇಲೆ ಕೆಲಸ ಹಂಚಿಹೋಯಿತು. ಕ್ಯಾಮೆರಾದ ಸದ್ದು ಮೈಕಿಗೆ ಕೇಳಬಾರದು ಅಂತ ಕ್ಯಾಮೆರಾವನ್ನು ಮುಚ್ಚಿ ಇಡಬೇಕಾಯಿತು. ಮೋಟಾರು ಬಂತು, ದೊಡ್ಡ ದೀಪಗಳು ಬಂದವು. ಶಬ್ದಕ್ಕೆ ಒಬ್ಬರು, ಬೆಳಕಿಗೆ ಒಬ್ಬರು, ಕ್ಯಾಮೆರಾ ಓಡಿಸಲು ಒಬ್ಬರು ಅಂತ ವಿಭಾಗಗಳಾದವು. ಛಾಯಾಗ್ರಾಹಕ ಒಂದು ದೊಡ್ಡ ತಂಡದ ಯಜಮಾನನಾದ. ಅವನು ಬಣ್ಣ ಹಚ್ಚಿಕೊಂಡು ಮುಂದೆ ಹೋಗಲು ಪುರುಸೊತ್ತು ಇಲ್ಲದಾಯಿತು.

ಆದರೂ ಕ್ಯಾಮೆರಾದಿಂದ ನಿರ್ದೇಶನಕ್ಕೋ ನಟನೆಗೋ ಹೋಗುವ ದಾರಿ ಪೂರ್ತಿ ಮುಚ್ಚಲಿಲ್ಲ. ರವಿಕಾಂತ್ ನಗಾಯಿಚ್ ಅವರನ್ನೇ ನೋಡಿ. ಉತ್ತರ ಪ್ರದೇಶದಿಂದ ಬಂದವರು. ಎನ್.ಟಿ. ರಾಮರಾವ್ ಮೊದಲ ಸಲ ನಿರ್ದೇಶಿಸಿದ 'ಸೀತಾರಾಮ ಕಲ್ಯಾಣಂ' ಚಿತ್ರಕ್ಕೆ 1961ರಲ್ಲಿ ಕ್ಯಾಮೆರಾ ಹಿಡಿದರು. ರಾವಣನ ಹತ್ತು ತಲೆಗಳನ್ನು ಒಂದೇ ಚೌಕಟ್ಟಿನಲ್ಲಿ ತಂದರು. ಲೆನ್ಸಿನ ಮುಂದೆ ಸ್ವಲ್ಪ ಭಾಗ ಮಾತ್ರ ತೆರೆದು ಒಂದು ತಲೆ ತೆಗೆಯುವುದು, ಫಿಲ್ಮ್ ಹಿಂದಕ್ಕೆ ಸುತ್ತುವುದು, ಇನ್ನೊಂದು ಭಾಗ ತೆರೆಯುವುದು, ಮತ್ತೆ ತೆಗೆಯುವುದು. ಎಲ್ಲ ಕ್ಯಾಮೆರಾದೊಳಗೇ. ನಟ ಒಂದಿಷ್ಟು ಅಲುಗಿದರೂ ಎಲ್ಲ ಹಾಳು. 1966ರಲ್ಲಿ ಕೃಷ್ಣ ನಟಿಸಿದ 'ಗೂಢಚಾರಿ 116'ಕ್ಕೆ ಕ್ಯಾಮೆರಾ ಮಾಡಿದರು. ಅದೇ ಕಥೆಯನ್ನು 1967ರಲ್ಲಿ ಹಿಂದಿಯಲ್ಲಿ 'ಫರ್ಜ್' ಅಂತ ನಿರ್ದೇಶಿಸಿ ಜಿತೇಂದ್ರ ಅವರನ್ನು ದೊಡ್ಡ ತಾರೆ ಮಾಡಿದರು. ಮರುವರ್ಷ 1968ರಲ್ಲಿ ಕನ್ನಡದಲ್ಲಿ ರಾಜ್‌ಕುಮಾರ್ ಗೂಢಚಾರನಾಗಿ 'ಜೇಡರ ಬಲೆ' ಬಂತು. ಅದರ ನಿರ್ದೇಶಕರು ದೊರೆ ಭಗವಾನ್. ಆ ಜೋಡಿಯಲ್ಲಿ ದೊರೆರಾಜ್ ಅವರೂ ಮೂಲತಃ ಕ್ಯಾಮೆರಾಮನ್. ಗೂಢಚಾರಿ ಕಥೆಗೆ ನೆರಳು, ಕನ್ನಡಿ, ಅರ್ಧ ತೆರೆದ ಬಾಗಿಲು ಬೇಕು. ಎರಡು ಭಾಷೆಯಲ್ಲೂ ಆ ಕೆಲಸ ಕ್ಯಾಮೆರಾ ಬಲ್ಲವರ ಕೈಗೆ ಸಿಕ್ಕಿತು.

ಛಾಯಾಗ್ರಾಹಕ ನಟನಾದ ಇತ್ತೀಚಿನ ಉದಾಹರಣೆ ಬೇಕಾದರೆ ಕೇರಳದ ಸಂತೋಷ್ ಶಿವನ್ ಇದ್ದಾರೆ. 2011ರ ಮಲಯಾಳಂ ಚಿತ್ರ 'ಮಕರಮಂಜು'ವಿನಲ್ಲಿ ರಾಜಾ ರವಿವರ್ಮನ ಪಾತ್ರ ಮಾಡಿದರು. ಬೆಳಕು ಬಲ್ಲವರೊಬ್ಬರು ಚಿತ್ರಕಾರನಾಗಿ ನಟಿಸಿದ್ದು ನನಗೆ ತುಂಬಾ ಇಷ್ಟವಾದ ಆಯ್ಕೆ.

ಈಗ ಕೊನೆಯ ಪ್ರಶ್ನೆ. ಪ್ರಕಾಶ್ ಅವರ ಮೂಕಿ ಚಿತ್ರಗಳನ್ನು ನೋಡಬಹುದಾ? ಇಲ್ಲ. 'ಭೀಷ್ಮ ಪ್ರತಿಜ್ಞ' ಉಳಿದಿಲ್ಲ. 'ಕೀಚಕ ವಧಂ' ಉಳಿದಿಲ್ಲ. ನಮ್ಮ 'ಸತಿ ಸುಲೋಚನ' ಕೂಡ ಉಳಿದಿಲ್ಲ. ಆಗಿನ ಫಿಲ್ಮು ನೈಟ್ರೇಟ್‌ನದು. ಬೇಗ ಬೆಂಕಿ ಹಿಡಿಯುತ್ತದೆ. ಬೆಂಕಿ ಬೀಳದಿದ್ದರೂ ಡಬ್ಬಿಯೊಳಗೇ ಅಂಟಾಗಿ, ಪುಡಿಯಾಗಿ ಹೋಗುತ್ತದೆ. ಚಿತ್ರದ ಓಟ ಮುಗಿದ ಮೇಲೆ ಅದರಲ್ಲಿನ ಬೆಳ್ಳಿಗಾಗಿ ಕರಗಿಸಿದವರೂ ಇದ್ದರು. ದಕ್ಷಿಣದ ಮೂಕಿ ಚಿತ್ರಗಳಲ್ಲಿ ಇವತ್ತು ನೋಡಲು ಸಿಗುವುದು ಅಂದರೆ 1933ರ 'ಮಾರ್ತಾಂಡ ವರ್ಮ'. ಅದರ ಪ್ರತಿ ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದಲ್ಲಿದೆ. ಎಲ್ಲಾದರೂ ಉತ್ಸವದಲ್ಲಿ ತೋರಿಸಿದರೆ ಮಗನನ್ನು ಕರೆದುಕೊಂಡು ಹೋಗಿ. ಬಿಸಿಲಲ್ಲಿ ತೆಗೆದ ಮುಖಗಳು ಹೇಗಿರುತ್ತವೆ ಅಂತ ಅವನಿಗೆ ಗೊತ್ತಾಗುತ್ತದೆ. ತೆಲುಗಿನಲ್ಲಿ ಕ್ಯಾಮೆರಾ ಕೆಲಸ ಎಷ್ಟು ಎತ್ತರಕ್ಕೆ ಹೋಯಿತು ಅಂತ ನೋಡಲು 1957ರ 'ಮಾಯಾಬಜಾರ್' ಸಾಕು. ಮಾರ್ಕಸ್ ಬಾರ್ಟ್ಲಿ ಅವರ ಛಾಯಾಗ್ರಹಣ. ದೋಣಿಯ ಹಾಡಿನಲ್ಲಿನ ಬೆಳದಿಂಗಳನ್ನು ನೋಡಿ, ಎರಡು ಸಲ ನೋಡಿ.

ನಿಮ್ಮ ಮಗನಿಗೆ ನಾನು ಹೇಳುವುದು ಇಷ್ಟು. ನಾಟಕ ಬಿಡಬೇಡ. ಮುಂದೆ ಕೆಲಸಕ್ಕೆ ಸೇರಿದಾಗ ಯಾವುದಾದರೂ ಒಂದರಲ್ಲಿ ನಿಲ್ಲಬೇಕಾಗಬಹುದು, ಹೊಟ್ಟೆಪಾಡು ಅದನ್ನು ಕೇಳುತ್ತದೆ. ಆದರೆ ಕಲಿಯುವಾಗ ಎರಡೂ ಇರಲಿ. ನಟನ ಕಷ್ಟ ಗೊತ್ತಿರುವ ಕ್ಯಾಮೆರಾಮನ್ ಅವರನ್ನು ದೀಪದ ಕೆಳಗೆ ಸುಮ್ಮನೆ ಗಂಟೆಗಟ್ಟಲೆ ನಿಲ್ಲಿಸುವುದಿಲ್ಲ.

ಒಂದು ಅಭ್ಯಾಸ ಹೇಳುತ್ತೇನೆ, ನನ್ನ ವಿದ್ಯಾರ್ಥಿಗಳಿಂದ ಪ್ರತಿ ವರ್ಷ ಮಾಡಿಸುತ್ತೇನೆ. ಒಂದು ಭಾನುವಾರ ಹನ್ನೆರಡು ಗಂಟೆಗೆ ತಾರಸಿ ಹತ್ತಲಿ. ಒಂದು ತೆಳುವಾದ ಬಿಳಿ ಪಂಚೆಯನ್ನು ನಾಲ್ಕು ಕಡೆ ಹಗ್ಗ ಬಿಗಿದು ತಲೆಯಿಂದ ಮೂರು ನಾಲ್ಕು ಅಡಿ ಮೇಲೆ ಕಟ್ಟಲಿ. ಫೋನನ್ನು ಸ್ಟ್ಯಾಂಡಿಗೆ ಹಾಕಿ, ಕಪ್ಪು ಬಿಳುಪಿಗೆ ಇಟ್ಟು, ಚೌಕಟ್ಟಿನ ಅಂಚಿಗೆ ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆಯಲಿ. ಗುಂಡಿ ಒತ್ತಲು ತಂಗಿಯೋ ಗೆಳೆಯನೋ ಇರಲಿ. ಅವನು ಪಂಚೆಯ ಕೆಳಗೆ ಹೋಗಿ ನಿಂತು, ಮಾತಿಲ್ಲದೆ, ಅಪ್ಪನಿಗೆ ಮಾತು ಕೊಡುವ ಮಗನ ಪಾತ್ರ ಮಾಡಲಿ. ಮಧ್ಯದಲ್ಲಿ ಓಡಿ ಬಂದು ಫೋನ್ ನೋಡಬಾರದು. ಒಮ್ಮೆ ಪಂಚೆ ಇಟ್ಟು, ಒಮ್ಮೆ ಪಂಚೆ ಬಿಚ್ಚಿ, ಎರಡು ಸಲ ಮಾಡಲಿ. ಸಂಜೆ ನೀವಿಬ್ಬರೂ ಕೂತು ಎರಡನ್ನೂ ನೋಡಿ. ಯಾವುದರಲ್ಲಿ ಅವನ ಕಣ್ಣು ಕಾಣುತ್ತದೆ ಅಂತ ನನಗೆ ಬರೆದು ತಿಳಿಸಿ.